ಹೆಬ್ಬೆಟ್ಟು ನನ್ನದಲ್ಲ

"ಇನ್ನೊಂಚೂರು ಹುಣಸೆಹಣ್ಣು ತಗೊಳ್ಳೇ, ಇದು ಸುಮ್ನೆ ಹೋಗೋ ಬಣ್ಣ ಅಲ್ಲ" ಎಂದಳು ಮುನಿಯಲ್ಲಮ್ಮ.

ತ್ರಿವೇಣಿ ಅಜ್ಜಿಯ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಉಜ್ಜುತ್ತಿದ್ದಳು. ರೇಷ್ಮೆಹುಳದ ಮನೆಯ ಹಿಂದೆ, ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕಲ್ಲುಚಪ್ಪಡಿಯ ಮೇಲೆ ಆದಿಲಕ್ಷ್ಮಮ್ಮನನ್ನು ಮಲಗಿಸಿ, ಸುತ್ತ ನಾಲ್ಕು ಸೀರೆ ಕಟ್ಟಿ ಮರೆ ಮಾಡಿದ್ದರು. ಎಪ್ಪತ್ತೆಂಟು ವರ್ಷದ ಮೈ ಈಗ ಒಂದು ಹಿಡಿಯಷ್ಟು. ತಲೆಗೆ ಸೀಗೆಪುಡಿ ಹಾಕಿ ತೊಳೆದಾಗಿತ್ತು, ಮೈಗೆ ಅರಿಶಿನ ಹಚ್ಚಿಯಾಗಿತ್ತು. ಉಳಿದದ್ದು ಆ ಒಂದು ಬೆರಳು. ಉಗುರಿನ ಸಂದಿಯಿಂದ ಮೊದಲ ಗೆಣ್ಣಿನವರೆಗೆ ಗಾಢ ನೇರಳೆ.

"ನೇರಳೆಹಣ್ಣು ಗಿಣ್ಣು ತಿಂದಿದ್ಳೇನೋ ನಮ್ಮಕ್ಕ" ಎಂದಳು ಗಂಗರತ್ನಮ್ಮ. ಸತ್ತವಳ ಒಡಹುಟ್ಟಿದ ತಂಗಿ ಆಕೆ. ನಂಗಲಿಯ ಕಡೆಯ ತವರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು.

ಹತ್ತು ದಿನದಿಂದ ಒಂದು ಚಮಚ ಗಂಜಿಗೂ ಬಾಯಿ ತೆರೆಯದವಳು ನೇರಳೆಹಣ್ಣು ತಿಂದಳೇ ಎಂದು ಯಾರೂ ಕೇಳಲಿಲ್ಲ. ಗಂಗರತ್ನಮ್ಮನೂ ಆ ಮಾತನ್ನು ಹೇಳಿ ಬೇರೆ ಕಡೆ ನೋಡಿದಳು.

ನಿನ್ನೆ ಸಂಜೆ ತ್ರಿವೇಣಿಯೇ ಉಗುರುಬೆಚ್ಚಗಿನ ನೀರಿನಲ್ಲಿ ಆ ಕೈಯನ್ನು ಒರೆಸಿದ್ದಳು. ಒರೆಸಬೇಕಾದರೆ ದಿನವೂ ಒಂದು ಯುದ್ಧ. ಬುದ್ಧಿ ಕೈಬಿಟ್ಟ ಮೇಲೆ ಅಜ್ಜಿ ಎಳೆಮಗುವಿನಂತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಒಂದೊಂದೇ ಬೆರಳು ಬಿಡಿಸಿ, ತೊಳೆದು ಮುಗಿಸುವುದರೊಳಗೆ ಮತ್ತೆ ಮುಚ್ಚಿರುತ್ತಿದ್ದಳು. ಇವತ್ತು ಬೆಳಗ್ಗೆ ಆ ಮುಷ್ಟಿ ಬಿಚ್ಚಿತ್ತು.

ಉಸಿರು ನಿಂತದ್ದು ಕೋಳಿ ಕೂಗುವ ಹೊತ್ತಿಗೆ. ತ್ರಿವೇಣಿ ಮುನಿಯಲ್ಲಮ್ಮನನ್ನು ಕರೆಯಲು ಓಡಿದ್ದಳು. "ನೀನು ಹೋಗಿ ಬಾ, ನಮ್ಮಮ್ಮನ ಜೊತೆ ಒಂದು ಗಳಿಗೆ ನಾನೊಬ್ನೇ ಇರ್ತೀನಿ" ಎಂದಿದ್ದ ಚಂದ್ರಮೋಹನ್ ಮಾವ. ಅವಳು ಬರುವ ಹೊತ್ತಿಗೆ ಅಜ್ಜಿಗೆ ಕತ್ತಿನವರೆಗೆ ದುಪ್ಪಟಿ ಹೊದಿಸಿ ಮುಗಿದಿತ್ತು.

"ಮುನಿಯಲ್ಲಮ್ಮ, ಇದು ಇಂಕು" ಎಂದಳು ತ್ರಿವೇಣಿ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ನಂಗೂ ಕಣ್ಣೈತೆ ಕಣಮ್ಮ" ಎಂದಳು ಮುನಿಯಲ್ಲಮ್ಮ ತಗ್ಗಿದ ದನಿಯಲ್ಲಿ. "ಮೂವತ್ತು ವರ್ಷದಿಂದ ಈ ಊರಿನ ಹೆಣಗಳನ್ನ ತೊಳೀತಿದೀನಿ. ಏನೇನು ನೋಡಿದೀನಿ ಅಂತ ಬಾಯಿ ಬಿಟ್ಟಿದ್ರೆ ನನ್ನ ಯಾರು ಕರೀತಿದ್ರು? ಉಜ್ಜು, ಉಜ್ಜು. ಗಂಡಸ್ರು ಆತುರ ಮಾಡ್ತಾವ್ರೆ."

"ಹೌದೇ ತಲ್ಲೀ, ಬೇಗ ಆಗ್ಲಿ. ಹೋಗೋಳನ್ನ ಕೊಳೆ ಬೆರಳಲ್ಲಿ ಕಳಿಸ್ಬಾರ್ದು" ಎಂದಳು ಗಂಗರತ್ನಮ್ಮ.

ಏಳಬೇಕು, ಸೀರೆಯ ಮರೆ ಸರಿಸಿ ಅಂಗಳದಲ್ಲಿ ಕೂತವರನ್ನೆಲ್ಲ ಕರೆದು ಈ ಬೆರಳನ್ನು ತೋರಿಸಬೇಕು ಎಂದುಕೊಂಡಳು. ಫೋನು ಒಳಗಿದೆ, ತಂದು ಒಂದು ಫೋಟೋ ತೆಗೆಯಬೇಕು ಎಂದುಕೊಂಡಳು. ಅಷ್ಟರಲ್ಲಿ ಮುನಿಯಲ್ಲಮ್ಮ ಹುಣಸೆಹಣ್ಣಿನ ಇನ್ನೊಂದು ಉಂಡೆಯನ್ನು ಅವಳ ಅಂಗೈಗೆ ಒತ್ತಿದಳು. ತ್ರಿವೇಣಿಗೆ ಹುಟ್ಟಿದಾಗಿನಿಂದ ಇದೇ ಪಾಡು. ಬೇಡ ಎನ್ನುವ ಮಾತು ಗಂಟಲಿನವರೆಗೆ ಬರುವುದರೊಳಗೆ ಕೈ ಹೇಳಿದ ಕೆಲಸವನ್ನು ಅರ್ಧ ಮುಗಿಸಿರುತ್ತದೆ. ಅವಳು ಉಜ್ಜಿದಳು. ಹುಳಿಗೆ ಬಣ್ಣ ಬಿಟ್ಟಿತು. ಅಜ್ಜಿಯ ಬೆರಳಿನಿಂದ ಇಳಿದ ನೇರಳೆ ಅವಳ ಹೆಬ್ಬೆರಳಿಗೆ ಹತ್ತಿತು.

"ನೋಡು, ಹಾಲಲ್ಲಿ ತೊಳ್ದಂಗಾಯ್ತು" ಎಂದು ಮುನಿಯಲ್ಲಮ್ಮ ಕೊನೆಯ ಚೊಂಬು ನೀರು ಸುರಿದಳು.

* * *

ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಆದಿಲಕ್ಷ್ಮಮ್ಮ ಹುಳದ ತಟ್ಟೆಗಳ ನಡುವೆ ನಿಂತು, "ಇವು ಎಷ್ಟನೇ ಜ್ವರದಾಗವೆ ತ್ರಿವೇಣಿ?" ಎಂದು ಕೇಳಿದ್ದಳು.

ರೇಷ್ಮೆಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ನಲವತ್ತು ವರ್ಷ ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು, ಹುಳ ಸೊಪ್ಪು ತಿನ್ನುವ ಸದ್ದಿನಿಂದಲೇ ಜ್ವರದ ಲೆಕ್ಕ ಹೇಳುತ್ತಿದ್ದವಳು. ಹುತ್ತೂರಿನ ಸುತ್ತ ಯಾರ ಮನೆಯಲ್ಲಿ ಹುಳಕ್ಕೆ ರೋಗ ಬಂದರೂ ಇವಳಿಗೆ ಹೇಳಿ ಕಳಿಸುತ್ತಿದ್ದರು. ಅಂಥವಳು ಕೇಳಿದ ಮಾತಿಗೆ ತ್ರಿವೇಣಿ ನಕ್ಕಳು. ಅಜ್ಜಿ ನಗಲಿಲ್ಲ. ತನ್ನ ಪ್ರಶ್ನೆ ತನಗೇ ಕೇಳಿಸಿದವಳಂತೆ ಬಹಳ ಹೊತ್ತು ನಿಂತಿದ್ದಳು.

ಮಾರನೆಯ ದಿನ ಮದುವೆಗೆ ಉಡುವ ಸೀರೆ ಉಟ್ಟು, "ನಡಿ, ಕೋಲಾರಕ್ಕೆ ಹೋಗ್ಬೇಕು" ಎಂದಳು.

ಪತ್ರ ಬರೆಯುವ ಶ್ರೀನಿವಾಸಪ್ಪ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ.

"ಏನಮ್ಮ, ವಿಲ್ಲಾ?"

"ಸತ್ತ ಮೇಲಿನ ಮಾತು ಆಮೇಲೆ. ಬದುಕಿರ್ವಾಗ್ಲೇ ನಾನು ಇಲ್ದಂಗಾಗ್ತೀನಿ. ಅದಕ್ಕೆ ಯಾವ ಕಾಗದ ಐತೆ ಹೇಳು."

ಶ್ರೀನಿವಾಸಪ್ಪ ಕನ್ನಡಕ ಮೇಲೆತ್ತಿ ನೋಡಿದ. ಅರವತ್ತು ಸಾವಿರ ಪತ್ರ ಬರೆದಿದ್ದೇನೆ ಎಂದು ಹೇಳಿಕೊಳ್ಳುವ ಮನುಷ್ಯನಿಗೆ ಇಂಥ ಗಿರಾಕಿ ಹೊಸಬಳು. ಆದರೆ ಉತ್ತರಕ್ಕೆ ಅವನು ತಡವರಿಸಲಿಲ್ಲ.

"ಜಿಪಿಎ ಮಾಡ್ಸಿಬಿಡಿ. ನಿಮ್ಮ ಪರವಾಗಿ ಎಲ್ಲಾ ಕೆಲ್ಸ ಮಾಡೋಕೆ ಒಬ್ರಿಗೆ ಅಧಿಕಾರ ಕೊಟ್ಟಂಗೆ. ಈ ಕೋಲಾರದಾಗೆ ಭೂಮಿ ತಿರುಗೋದೇ ಜಿಪಿಎ ಮೇಲೆ."

"ನನ್ನ ಬುದ್ಧಿ ಹೋದ್ಮೇಲೂ ನಡೀತದಾ?"

"ಅದಕ್ಕೇ ತಾನೇ ಮಾಡ್ಸೋದು?"

ಅಜ್ಜಿ ಹೇಳುತ್ತಾ ಹೋದಳು, ಅವನು ಟೈಪ್ ಮಾಡುತ್ತಾ ಹೋದ. ನನ್ನ ಬುದ್ಧಿ ನನ್ನ ಕೈಲಿಲ್ಲದ ಕಾಲಕ್ಕೆ, ತೀರಿಹೋದ ನನ್ನ ಮಗಳ ಮಗಳು ತ್ರಿವೇಣಿಯೇ ನನ್ನ ಬಾಯಿ, ನನ್ನ ಕೈ. ನನ್ನನ್ನು ಹುಳದ ಮನೆಯಲ್ಲೇ ಇಡಬೇಕು. ಮೂಗಿಗೆ ಪೈಪು ಹಾಕಬಾರದು. ನಾನಿರುವವರೆಗೆ ಸೊಪ್ಪಿನ ತೋಟಕ್ಕೆ ಯಾರೂ ಕೈ ಹಚ್ಚಬಾರದು.

"ಮಗ ಇಲ್ವಾ ನಿಮಗೆ?" ಎಂದ ಶ್ರೀನಿವಾಸಪ್ಪ.

"ಅವ್ನೆ. ಒಳ್ಳೇವ್ನೇ. ನಮ್ಮಣ್ಣಂದಿರೂ ಒಳ್ಳೇವ್ರೇ ಆಗಿದ್ರು." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮಮ್ಮಂಗೂ ಹಿಂಗೇ ಬುದ್ಧಿ ಹೋಗಿತ್ತಪ್ಪ. ಒಬ್ಬ ಅಣ್ಣ ಕೈ ಹಿಡ್ಕೊಂಡ, ಇನ್ನೊಬ್ಬ ಕಾಗದ ಹಿಡ್ಕೊಂಡ. ಬೆರಳಿಗೆ ಬಣ್ಣ ಹಚ್ಚಿದ್ರೆ ನಮ್ಮಮ್ಮ ನಗ್ತಾವ್ಳೆ, ಗೋರಂಟಿ ಇಡ್ತಾವ್ರೆ ಅನ್ಕೊಂಡು. 'ಆ ಕೈಗೂ ಇಡ್ರೋ' ಅಂತ ಇನ್ನೊಂದು ಕೈಯೂ ಚಾಚಿದ್ಳು. ನಾನೂ ನಮ್ಮ ಗಂಗರತ್ನಾನೂ ಬಾಗ್ಲಲ್ಲೇ ನಿಂತಿದ್ವಿ. ಇಬ್ರೂ ಬಾಯಿ ಬಿಡ್ಲಿಲ್ಲ."

ಟೈಪು ನಿಂತಿತು. ಅಜ್ಜಿ ಮೇಜಿನ ಮೇಲೆ ಬೆರಳೂರಿದಳು.

"ಇನ್ನೊಂದು ಸಾಲು ಬರಿ. ನಂಗೆ ಸೈನ್ ಮಾಡಾಕೆ ಬತ್ತದೆ. ಇವತ್ತಿನಿಂದ ಯಾವ ಕಾಗದದ ಮೇಲೆ ನನ್ನ ಹೆಬ್ಬೆಟ್ಟು ಕಂಡ್ರೂ ಅದು ನನ್ನದಲ್ಲ."

"ಅಮ್ಮಾ, ಇದಕ್ಕೆಲ್ಲಾ ಕಾನೂನಲ್ಲಿ ಅರ್ಥ ಇಲ್ಲ."

"ನಿನ್ನ ಕಾನೂನಿಗೆ ಆಗ್ದಿದ್ರೆ ಬಿಡು. ನನ್ನ ಮೊಮ್ಮಗಳಿಗೆ ಅರ್ಥ ಆದ್ರೆ ಸಾಕು. ನೀನು ಬರಿ."

ಐವತ್ತು ದಾಟಿದ ಮೇಲೆ ಸಾಕ್ಷರತೆಯ ಕ್ಲಾಸಿನಲ್ಲಿ ಕಲಿತ ಸೈನ್ ಅದು. ಹುಳದ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೂ ಬರೆದೂ ಕಲಿತಿದ್ದಳು. ಎಷ್ಟು ಸಲ ಸುಣ್ಣ ಹೊಡೆದರೂ ಒಂದು ಜಾಗ ಮಾತ್ರ ಬಿಡಿಸುತ್ತಿದ್ದಳು. ಹೆಬ್ಬೆಟ್ಟಿನ ಮೇಲೆ ಅವಳಿಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಪ್ರಾಯದಲ್ಲಿ ಬಿಸಿನೀರಿನ ಬಾನಿಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸಕ್ಕೆ ಹೋಗಿ, ಆಮೇಲೆ ಸುಣ್ಣ, ಬ್ಲೀಚಿಂಗ್ ಪೌಡರಿನಲ್ಲಿ ಕೈಯಾಡಿಸಿ, ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮೆಷಿನ್ ಅವಳ ಹೆಬ್ಬೆರಳನ್ನು ಒಂದು ದಿನವೂ ಗುರುತು ಹಿಡಿಯಲಿಲ್ಲ.

ಆವತ್ತು ಸೈನ್ ಹಾಕಿ ಬಸ್ಸು ಹತ್ತಿದ ಅಜ್ಜಿ ಊರು ಬರುವವರೆಗೂ ನಿದ್ದೆ ಮಾಡಿದಳು. ಅಷ್ಟು ನೆಮ್ಮದಿಯ ನಿದ್ದೆಯನ್ನು ತ್ರಿವೇಣಿ ಅವಳ ಮುಖದ ಮೇಲೆ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

* * *

ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಇಟ್ಟು, ಅಂಗಳದಲ್ಲಿ ಉತ್ತರ ದಕ್ಷಿಣವಾಗಿ ಮಲಗಿಸಿದರು. ಮುನಿಯಲ್ಲಮ್ಮ ಬಿಳಿ ಬಟ್ಟೆಯ ಎರಡು ಚೂರು ಹರಿದು ಒಂದರಿಂದ ಕಾಲಿನ ಹೆಬ್ಬೆರಳುಗಳನ್ನು, ಇನ್ನೊಂದರಿಂದ ಕೈಯ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದಳು. ಹೂವಿನ ಹಾರ ಬಂತು. ತಮಟೆ ಶುರುವಾಯಿತು.

"ಒಂದು ನಿಮಿಷ ಬಾರಮ್ಮ ಇಲ್ಲಿ" ಎಂದು ಚಂದ್ರಮೋಹನ್ ತ್ರಿವೇಣಿಯನ್ನು ಹುಳದ ಮನೆಯ ಪಕ್ಕಕ್ಕೆ ಕರೆದ.

ಅವನ ಕಣ್ಣು ಕೆಂಡದಂತಾಗಿತ್ತು. ಬೆಳಗ್ಗೆಯಿಂದ ಅತ್ತದ್ದು ಸುಳ್ಳಲ್ಲ. ತ್ರಿವೇಣಿಗೆ ಅದೇ ತಿಳಿಯದ ಸಂಗತಿ. ಕೋಲಾರದ ಟೊಮೆಟೊ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಚೀಟಿ ಬರೆಯುವ ಮನುಷ್ಯ ಅವನು. ಲಾರಿ ಚೀಟಿಗಳಿಗೆ ಮೊಹರು ಒತ್ತುವ ತಗಡಿನ ಡಬ್ಬಿ ಹಬ್ಬದ ದಿನವೂ ಅವನ ಜೇಬಿನಲ್ಲಿರುತ್ತಿತ್ತು. ಯಾವ ಅಂಗಿಯ ಜೇಬು ನೋಡಿದರೂ ಒಂದು ಮೂಲೆ ನೇರಳೆ. ಇವತ್ತಿನ ಬಿಳಿ ಅಂಗಿಯದೂ.

ಮಡಿಸಿದ ಹಾಳೆಯೊಂದನ್ನು ಬಿಡಿಸಿ ತೋರಿಸಿದ. ಹೋದ ತಿಂಗಳ ತಾರೀಖು. ತೋಟ ಮತ್ತು ಹುಳದ ಮನೆ ಮಗ ಚಂದ್ರಮೋಹನನಿಗೆ ಸೇರತಕ್ಕದ್ದು. ಕೆಳಗೆ ಒಂದು ನೇರಳೆ ಮುದ್ದೆ. ಗೆರೆಯಿಲ್ಲ, ಸುಳಿಯಿಲ್ಲ. ಪಕ್ಕದಲ್ಲಿ ಮೊದಲನೇ ಸಾಕ್ಷಿ ಕೋದಂಡರಾಮಪ್ಪನ ಸೈನು. ಎರಡನೇ ಸಾಕ್ಷಿಯ ಜಾಗ ಖಾಲಿ.

"ಇಲ್ಲಿ ನೀನೊಂದು ಸೈನ್ ಹಾಕಿದ್ರೆ ಮುಗೀತು. ಅಮ್ಮನ ಜೊತೆ ಇದ್ದೋಳು ನೀನು. ನಿನ್ನ ಸೈನ್ ಮೇಲೆ ಯಾರೂ ಬೆರಳು ಮಾಡಲ್ಲ."

"ಮಾವ, ಅಜ್ಜಿ ಇದಕ್ಕೆ..." ಎಂದು ತ್ರಿವೇಣಿ ನಿಲ್ಲಿಸಿದಳು. "ಅಜ್ಜಿಗೆ ಬುದ್ಧಿ ಇರ್ಲಿಲ್ಲ ಮಾವ."

"ಯಾವಾಗಿಂದ?"

"ಮೂರು ವರ್ಷ ಆಯ್ತು."

"ಮೂರು ವರ್ಷ." ಚಂದ್ರಮೋಹನ್ ಜೇಬಿನಿಂದ ಇನ್ನೊಂದು ಕಾಗದ ತೆಗೆದ. ಜೆರಾಕ್ಸು. "ಹಂಗಾದ್ರೆ ಇದು ಯಾರ ಕೈಬರಹ?"

ಮುದ್ದಾದ, ದುಂಡಗಿನ ಅಕ್ಷರ. ಅವಳದ್ದೇ.

"ಬ್ಯಾಂಕಲ್ಲಿ ನಮ್ಮ ಮಂಡಿಯೋರು ಇದಾರೆ" ಎಂದ ಅವನು, ಯಾವುದೋ ಸಣ್ಣ ವಿಷಯ ಹೇಳುವಂತೆ. "ಆರು ತಿಂಗಳಿಗೊಂದು ಬರ್ಕೊಟ್ಟಿದೀಯ. ಹೋದ ತಿಂಗಳೂ ಕೊಟ್ಟಿದೀಯ, ನನ್ನ ಕಾಗದಕ್ಕೆ ನಾಲ್ಕು ದಿನ ಮುಂಚೆ. ಬುದ್ಧಿ ಇತ್ತು ಅಂದ್ರೆ ನನ್ನ ಕಾಗದ ಸರಿ. ಬುದ್ಧಿ ಇರ್ಲಿಲ್ಲ ಅಂದ್ರೆ ನೀನು ಬ್ಯಾಂಕಿಗೆ ಸುಳ್ಳು ಹೇಳಿದೀಯ. ಸ್ಕೂಲಲ್ಲಿ ಪಾಠ ಹೇಳೋಳು ನೀನು. ಯೋಚ್ನೆ ಮಾಡು."

ಅವನ ದನಿ ಇದ್ದಕ್ಕಿದ್ದಂತೆ ಒಡೆಯಿತು.

"ನಾನೂ ಮಗನೇ ಕಣೇ. ಬುದ್ಧಿ ನೆಟ್ಟಗಿದ್ದಾಗ್ಲೇ ನನ್ನ ಬಿಟ್ಟು ನಿನಗೆ ಜಿಪಿಎ ಬರ್ದಳು. ಆಮೇಲೆ ಬಂದಾಗೆಲ್ಲಾ 'ಎವರಯ್ಯಾ ನುವ್ವು' ಅಂದಳು. ಯಾರಪ್ಪ ನೀನು ಅಂತೆ! ಸ್ವಂತ ಮಗನ್ನ! ನಿನ್ನ ಒಂದು ದಿನಾನಾದ್ರೂ ಹಂಗಂದಿದ್ದಾಳಾ?"

ದಿನವೂ ಅನ್ನುತ್ತಿದ್ದಳು. ಬುದ್ಧಿ ಹೋಗುತ್ತಾ ಹೋಗುತ್ತಾ ಆದಿಲಕ್ಷ್ಮಮ್ಮನ ಕನ್ನಡವೂ ಹೋಗಿತ್ತು. ಗಡಿಯ ಊರಿನಲ್ಲಿ ಹುಟ್ಟಿದವಳಿಗೆ ತಾಯಿಯ ತೆಲುಗು ಮಾತ್ರ ಉಳಿದಿತ್ತು. ದಿನಕ್ಕೆ ಹತ್ತು ಸಲ ತ್ರಿವೇಣಿಯ ಮುಖ ಹಿಡಿದು 'ಎವರಮ್ಮಾ ನುವ್ವು' ಎಂದು ಕೇಳುತ್ತಿದ್ದಳು. ತ್ರಿವೇಣಿ ಇದನ್ನೂ ಹೇಳಲಿಲ್ಲ.

* * *

ಮೂರು ವರ್ಷದ ಹಿಂದೆ ಜಿಪಿಎ ಹಿಡಿದುಕೊಂಡು ಬ್ಯಾಂಕಿಗೆ ಹೋದಾಗ ಅವಳಿಗೆ ಧೈರ್ಯವಿತ್ತು. ಅಜ್ಜಿ ಇಂಥ ದಿನಕ್ಕೆಂದೇ ಮಾಡಿಸಿಟ್ಟ ಕಾಗದ. ಔಷಧಿ ತರಬೇಕು, ತಾನು ಸ್ಕೂಲಿಗೆ ಹೋದಾಗ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು, ಅಜ್ಜಿಯ ಗೂಡಿನ ದುಡ್ಡು ಅಜ್ಜಿಯ ಖಾತೆಯಲ್ಲಿದೆ.

ಮ್ಯಾನೇಜರು ಅವಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಾದ ಹೆಂಗಸು. ಕಾಗದವನ್ನು ಪೂರ್ತಿ ಓದಿದಳು. ಹೆಬ್ಬೆಟ್ಟಿನ ಸಾಲು ಬಂದಾಗ ಒಂದು ಕ್ಷಣ ನಿಂತು ಮತ್ತೆ ಓದಿದಳು.

"ಅಜ್ಜಿ ಈಗ ಹೇಗಿದಾರೆ?"

"ಗುರುತು ಸಿಗಲ್ಲ ಮೇಡಂ. ಅದಕ್ಕೇ ನಾನು ಬಂದೆ."

ಮ್ಯಾನೇಜರು ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಹಾಗಾದ್ರೆ ಇದು ನಡೆಯಲ್ಲಮ್ಮ. ಅಧಿಕಾರ ಕೊಟ್ಟೋರಿಗೆ ಬುದ್ಧಿ ಸರಿ ಇರೋವರೆಗೂ ಮಾತ್ರ ಜಿಪಿಎಗೆ ಜೀವ. ಅವರ ಬುದ್ಧಿ ಹೋದ ದಿನ ಇದೂ ಹೋಯ್ತು."

"ಬುದ್ಧಿ ಹೋದಾಗ ಬೇಕು ಅಂತಾನೇ ಮಾಡ್ಸಿದ್ದು ಮೇಡಂ."

"ಗೊತ್ತಾಗುತ್ತೆ."

"ಮತ್ತೆ ಏನು ಮಾಡ್ಬೇಕು?"

"ಹೈಕೋರ್ಟಿಗೆ ಹೋಗಿ ನಿಮ್ಮನ್ನ ಅವರ ಪೋಷಕರು ಅಂತ ಆರ್ಡರ್ ತರ್ಬೇಕು. ಡಾಕ್ಟ್ರು, ಲಾಯರು, ಮನೆಯೋರೆಲ್ಲರ ಒಪ್ಪಿಗೆ. ಅಜ್ಜಿಯ ಮಕ್ಕಳು ಒಪ್ತಾರಾ?"

ತ್ರಿವೇಣಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಕೊಡೆ ಕೊಟ್ಟವನು ಮಳೆ ಬಂದರೆ ಬಿಚ್ಚಬೇಡ ಎಂದ ಹಾಗಿತ್ತು. ಅಜ್ಜಿಯ ಬಸ್ಸಿನ ನಿದ್ದೆ ನೆನಪಾಯಿತು. ಅಳು ಬಂತು.

ಮ್ಯಾನೇಜರು ಬಾಗಿಲ ಕಡೆ ನೋಡಿ, ಒಂದು ಬಿಳಿ ಹಾಳೆಯನ್ನು ಅವಳ ಮುಂದೆ ತಳ್ಳಿದಳು. "ನೀವು ಗುರುತು ಸಿಗಲ್ಲ ಅಂದಿದ್ದು ನಾನು ಕೇಳ್ಲಿಲ್ಲ. ಅಜ್ಜಿಗೆ ವಯಸ್ಸಾಗಿದೆ, ನಡೆಯೋಕೆ ಆಗಲ್ಲ, ಜ್ಞಾನ ಸರಿಯಾಗಿದೆ ಅಂತ ಬರ್ಕೊಡಿ. ಆರು ತಿಂಗಳಿಗೊಮ್ಮೆ ಕೊಟ್ಟರಾಯ್ತು."

ಕರುಣೆಯಿಂದಲೇ ಹೇಳಿದ್ದು. ತ್ರಿವೇಣಿ ಕರುಣೆಯಿಂದಲೇ ಬರೆದಳು. ನಮ್ಮ ಅಜ್ಜಿ ಆದಿಲಕ್ಷ್ಮಮ್ಮನವರ ಜ್ಞಾನ ಸಂಪೂರ್ಣ ಸ್ವಾಧೀನದಲ್ಲಿದೆ.

ಆ ಸಂಜೆ ಮನೆಗೆ ಬಂದಾಗ ಸಂಪೂರ್ಣ ಸ್ವಾಧೀನದಲ್ಲಿದ್ದ ಅಜ್ಜಿ ಖಾಲಿ ಹುಳದ ತಟ್ಟೆಗೆ ತನ್ನ ಸೀರೆಯ ಅಂಚನ್ನು ಹರಿದು ಹರಿದು ಸೊಪ್ಪಿನಂತೆ ಹಾಕುತ್ತಿದ್ದಳು. ಕೈ ಹಿಡಿಯಹೋದರೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು, "ನಾದಿ ಕಾದು, ನಾದಿ ಕಾದು" ಎಂದಳು. ನನ್ನದಲ್ಲ, ನನ್ನದಲ್ಲ. ಎಲ್ಲಾ ಮರೆತವಳು ಅದೊಂದನ್ನು ಮರೆತಿರಲಿಲ್ಲ.

* * *

"ನಿಲ್ಸ್ರಪ್ಪಾ ತಮಟೇನ" ಎಂದು ಕೋದಂಡರಾಮಪ್ಪ ಕೈಯೆತ್ತಿದ. ಊರಿಗೆ ಹಿರಿಯ. ಹೆಣ ಎತ್ತುವ ಮುಂಚೆ ಒಂದು ಮಾತು ಕೇಳುವುದು ಅವರ ಮನೆತನಕ್ಕೆ ಬಂದ ಪದ್ಧತಿ. ಅವನ ಅಪ್ಪ ಕೇಳುತ್ತಿದ್ದ, ತಾತ ಕೇಳುತ್ತಿದ್ದ.

"ಆದಿಲಕ್ಷ್ಮಮ್ಮ ಹೊರಟವ್ಳೆ. ಅವಳ ಬಗ್ಗೆ ಆಡ್ಬೇಕಾದ ಮಾತು, ಅವಳು ಬಿಟ್ಟುಹೋದ ಮಾತು, ಯಾರ ಹತ್ರ ಏನಿದ್ರೂ ಈಗ್ಲೇ ಆಡ್ಬಿಡಿ. ಭುಜಕ್ಕೆ ಏರಿದ್ಮೇಲೆ ಯಾರೂ ಆಡೋ ಹಂಗಿಲ್ಲ."

ಕೋದಂಡರಾಮಪ್ಪನ ಜೇಬಿನಲ್ಲಿ ಬೆಳಗ್ಗೆ ಸೈನ್ ಹಾಕಿದ ಪೆನ್ನು ಹೊಳೆಯುತ್ತಿತ್ತು. ಪದ್ಧತಿ ಪದ್ಧತಿಯೇ, ಕೇಳುವುದನ್ನು ಅವನು ಬಿಡಲಿಲ್ಲ.

ತ್ರಿವೇಣಿಯ ಸೊಂಟದ ಚೀಲದಲ್ಲಿ ಅಜ್ಜಿಯ ಕಾಗದವಿತ್ತು. ಬೆಳಗ್ಗೆ ಅಜ್ಜಿಯ ಮೈ ತೊಳೆದ ನಂತರ ಪೆಟ್ಟಿಗೆಯಿಂದ ತೆಗೆದು ಇಟ್ಟುಕೊಂಡಿದ್ದಳು. ಎದ್ದು ನಿಂತಳು. ಎಲ್ಲರ ಮುಖ ಅವಳ ಕಡೆ ತಿರುಗಿತು. ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸೂ ಬಂದಿದ್ದರು, ಕೈಯಲ್ಲಿ ಕರ್ಚೀಫು ಹಿಡಿದು.

"ಹೇಳಮ್ಮ" ಎಂದ ಕೋದಂಡರಾಮಪ್ಪ.

ಚಂದ್ರಮೋಹನ್ ತಾಯಿಯ ತಲೆಯ ಬಳಿ ನಿಂತಿದ್ದ. ಅವನೇನೂ ಕಣ್ಣು ಕೆಕ್ಕರಿಸಲಿಲ್ಲ. ಜೆರಾಕ್ಸಿನ ಮಡಿಕೆಯನ್ನು ಬೆರಳಿನಿಂದ ತೀಡುತ್ತಿದ್ದ, ಅಷ್ಟೇ.

ತ್ರಿವೇಣಿ ಅತ್ತಿತ್ತ ನೋಡಿದಳು. ಬಾಗಿಲ ಚೌಕಟ್ಟಿಗೆ ಒರಗಿ ಗಂಗರತ್ನಮ್ಮ ನಿಂತಿದ್ದಳು. ಐವತ್ತು ವರ್ಷದ ಹಿಂದೆ ಇನ್ನೊಂದು ಬಾಗಿಲಲ್ಲಿ ಹೇಗೆ ನಿಂತಿದ್ದಳೋ ಹಾಗೆಯೇ ಇರಬೇಕು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು. ಇಬ್ಬರ ಕಣ್ಣೂ ಕೂಡಿತು. ಗಂಗರತ್ನಮ್ಮ ಬೇಡವೆಂಬಂತೆ ತಲೆಯಾಡಿಸಿದಳು.

"ಏನಿಲ್ಲ" ಎಂದಳು ತ್ರಿವೇಣಿ.

"ಏನಂದೆ? ಗಟ್ಟಿಯಾಗಿ ಹೇಳು."

"ಏನೂ ಇಲ್ಲ."

"ಪಾಪ, ತುಂಬಾ ಹಚ್ಕೊಂಡಿತ್ತು ಮಗು" ಎಂದರು ಯಾರೋ. ತಮಟೆ ಮತ್ತೆ ಬಡಿಯಿತು. ಆದಿಲಕ್ಷ್ಮಮ್ಮ ಭುಜಕ್ಕೇರಿದಳು.

ಹೆಂಗಸರು ಗುಂಡಿಯ ಹತ್ತಿರ ಹೋಗಲಿಲ್ಲ. ತ್ರಿವೇಣಿ ಹುಳದ ಮನೆಯ ಸೊಳ್ಳೆಪರದೆಯ ಕಿಟಕಿಗೆ ಮುಖ ಒತ್ತಿ ನೋಡಿದಳು. ಸೊಪ್ಪಿನ ತೋಟದ ಮೂಲೆಯಲ್ಲಿ ಬಗ್ಗಿದ ಬೆನ್ನುಗಳು, ಮೇಲೇಳುವ ಸನಿಕೆ. ತೊಳೆದ ಹೆಬ್ಬೆರಳು ಶುಭ್ರವಾಗಿ ಮಣ್ಣಿಗೆ ಹೋಯಿತು. ಅದನ್ನು ತೊಳೆದವಳು ತಾನೇ.

* * *

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಪ್ರಾಣ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಡತೊಡಗಿದರು. ದೀಪ ಇದ್ದದ್ದು ಹುಳದ ಮನೆಯಲ್ಲೇ. ಅಜ್ಜಿ ಬರೆಸಿದ ಮಾತುಗಳಲ್ಲಿ ಅದೊಂದನ್ನು ತ್ರಿವೇಣಿ ನಡೆಸಿದ್ದಳು, ಮೂಗಿನ ಪೈಪಿನದೊಂದನ್ನು ನಡೆಸಿದ್ದಳು. ಉಳಿದದ್ದು ತೋಟ.

"ಈ ಗೋಡೆ ಒಡೆದ್ರೆ ಟೊಮೆಟೊ ಕ್ರೇಟ್ ಎರಡು ಲಾರಿ ಹಿಡಿಸ್ತದೆ" ಎಂದ ಕೋದಂಡರಾಮಪ್ಪ, ದೀಪಕ್ಕೆ ಕೈ ಮುಗಿದು ಸುತ್ತ ನೋಡುತ್ತಾ.

"ಇವತ್ತು ಬೇಡ ಬಿಡಿ ಗೌಡ್ರೇ, ಆ ಮಾತು" ಎಂದ ಚಂದ್ರಮೋಹನ್. ಅದೂ ಮನಸಾರೆ ಹೇಳಿದ್ದೇ. ಆಮೇಲೆ ಹಾಳೆಯನ್ನು ಹುಳದ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಇಟ್ಟ. ಪೆನ್ನಿನ ಮುಚ್ಚಳ ತೆಗೆದ. "ಇದೊಂದು ಆಗ್ಬಿಡ್ಲಿ. ನೀನೂ ನಮ್ಮೋಳೇ ತ್ರಿವೇಣಿ. ಹೊರಗೆ ಹಾಕ್ತೀನಾ ನಿನ್ನ? ಮದ್ವೆ ಮಾಡೋ ಜವಾಬ್ದಾರಿ ನಂದು."

ಗಂಗರತ್ನಮ್ಮ ದೀಪಕ್ಕೆ ಎಣ್ಣೆ ಹುಯ್ಯುತ್ತಾ, "ಹಾಕ್ಬಿಡೇ ಅಮ್ಮಾಯಿ" ಎಂದಳು. "ಹೋದೋಳು ಹೋದ್ಳು. ಇರೋರ ಜೊತೆ ಹಗೆ ಕಟ್ಕೊಂಡು ಬಾಳಾಕಾಗಲ್ಲ."

ತ್ರಿವೇಣಿ ತಟ್ಟೆಯ ಮುಂದೆ ಕೂತಳು. ದೀಪದ ಹಿಂದಿನ ಗೋಡೆಯಲ್ಲಿ, ಸುಣ್ಣ ಹೊಡೆಯದೆ ಬಿಟ್ಟ ಮೊಳದಗಲದ ಜಾಗದಲ್ಲಿ, ಹೆಬ್ಬೆಟ್ಟು ನನ್ನದಲ್ಲ ಎಂದು ಬರೆಸಿದವಳ ಇದ್ದಿಲಿನ ಅಕ್ಷರಗಳು. 'ಆ' ದೊಡ್ಡದು, 'ದಿ' ಸಣ್ಣದು, 'ಲಕ್ಷ್ಮ'ದ ಒತ್ತು ಜಾರಿ ಪಕ್ಕದ ಇಟ್ಟಿಗೆಗೆ ಹೋಗಿತ್ತು.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

"ಪ್ಯಾಡ್ ಕೊಡಿ ಮಾವ."

"ಯಾವ ಪ್ಯಾಡು?" ಎಂದ ಚಂದ್ರಮೋಹನ್. ಬಾಯಿ ಅದನ್ನು ಕೇಳುವಷ್ಟರಲ್ಲಿ ಕೈ ಇಪ್ಪತ್ತು ವರ್ಷದ ಅಭ್ಯಾಸದಿಂದ ಜೇಬಿಗೆ ಹೋಗಿ ತಗಡಿನ ಡಬ್ಬಿಯನ್ನು ಹಿಡಿದಿತ್ತು. ಅಲ್ಲೇ ನಿಂತಿತು.

ಗಂಗರತ್ನಮ್ಮನ ಕೈಯ ಎಣ್ಣೆ ದೀಪ ತುಂಬಿ ನೆಲಕ್ಕೆ ಹರಿಯುತ್ತಿತ್ತು.

"ಡಿಗ್ರಿ ಮಾಡಿರೋಳು ಹೆಬ್ಬೆಟ್ಟು ಒತ್ತೋದೇನಮ್ಮ? ನಗ್ತಾರೆ ಜನ" ಎಂದ ಕೋದಂಡರಾಮಪ್ಪ.

ತ್ರಿವೇಣಿ ಕೈ ಚಾಚಿದಳು. ಚಂದ್ರಮೋಹನ್ ಡಬ್ಬಿಯನ್ನು ತೆಗೆದು, ಅವಳ ಮುಖ ನೋಡದೆ, ತಟ್ಟೆಯ ಮೇಲಿಟ್ಟ. ಮುಚ್ಚಳ ತೆರೆದಾಗ ಒಳಗಿನ ಬಟ್ಟೆಯ ಮೇಲೆ ಬೆಳಗಿನ ಬೆರಳಿನ ಗುಳಿ ಹಾಗೆಯೇ ಇತ್ತು. ಅವಳು ಅದೇ ಗುಳಿಯಲ್ಲಿ ತನ್ನ ಎಡಗೈಯ ಹೆಬ್ಬೆರಳನ್ನು ಇಟ್ಟಳು. ಎರಡನೇ ಸಾಕ್ಷಿಯ ಜಾಗದಲ್ಲಿ ಒತ್ತಿದಳು.

ಗೆರೆಯಿಲ್ಲದ ಮುದ್ದೆಯ ಕೆಳಗೆ ಅವಳ ಎಳೆಯ ಬೆರಳಿನ ಸುಳಿಗಳೆಲ್ಲ ಒಂದೂ ತಪ್ಪದೆ ಮೂಡಿದವು.

"ಆಯ್ತಲ್ಲ, ಬೆರಳು ಒರೆಸ್ಕೋ" ಎಂದು ಗಂಗರತ್ನಮ್ಮ ತನ್ನ ಸೆರಗಿನ ತುದಿಯನ್ನು ಅವಳ ಮುಂದೆ ಹಿಡಿದಳು.

ತ್ರಿವೇಣಿ ಹೆಬ್ಬೆರಳನ್ನು ಒಳಗೆ ಮಡಿಸಿ, ಅದರ ಮೇಲೆ ನಾಲ್ಕೂ ಬೆರಳನ್ನು ಮುಚ್ಚಿಕೊಂಡಳು. ಗಂಗರತ್ನಮ್ಮ ಒಂದೊಂದೇ ಬೆರಳು ಬಿಡಿಸಲು ನೋಡಿದಳು. ಮುಷ್ಟಿ ಬಿಚ್ಚಲಿಲ್ಲ.